ಶೈತ್ಯಾಗಾರದ ವಾಮನ ಸರ್

ಸಂಜೆ ಶೈತ್ಯಾಗಾರದ ಬಾಗಿಲು ಹಾಕುವ ಮೊದಲು ವಾಮನ ಸರ್ ಒಬ್ಬೊಬ್ಬರದೇ ಹೆಸರು ಕರೆಯುತ್ತಿದ್ದರು. ಹೊರಗೆ ನಿಂತ ನಾವು ಓಗೊಡುತ್ತಿದ್ದೆವು. ಕೊನೆಗೆ ಒಳಗಿನ ಬಿಳಿ ಹಬೆಯತ್ತ ತಿರುಗಿ ‘ಗಣಪು’ ಎನ್ನುತ್ತಿದ್ದರು. ಆ ಹೆಸರಿನವರು ನಮ್ಮಲ್ಲಿ ಯಾರೂ ಇರಲಿಲ್ಲ. ಉತ್ತರ ಬಾರದಿದ್ದರೆ ಮಾತ್ರ ಚಿಲಕ ಬೀಳುತ್ತಿತ್ತು.

ಕಾಸರಕೋಡಿನ ಆ ಮೀನಿನ ಫ್ಯಾಕ್ಟರಿಗೆ ಅವರು ಮ್ಯಾನೇಜರ್. ನಾನು ಓದು ಮುಗಿಸಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದ್ದೆ. ಗಣಪು ಯಾರೆಂದು ಹಳಬರು ಹೇಳಿದರು. ವಾಮನ ಸರ್ ಹಿಂದೆ ಭಟ್ಕಳದ ಕಡೆ ಇಂಥದೇ ಫ್ಯಾಕ್ಟರಿಯಲ್ಲಿ ಇದ್ದಾಗ, ಕೆಲಸಗಾರ ಗಣಪು ಶೈತ್ಯಾಗಾರದ ಒಳಗಿರುವುದು ತಿಳಿಯದೆ ಯಾರೋ ಬಾಗಿಲು ಹಾಕಿದ್ದರಂತೆ. ಬೆಳಿಗ್ಗೆ ತೆರೆದು ಅವನ ಹೆಣ ಕಂಡವರು ಇವರು.

ದಿನವಿಡೀ ಮೀನಿಗೆ ಥರ್ಮಾಮೀಟರ್ ಚುಚ್ಚುವುದೂ ಒಂದು ಬದುಕೇ ಎಂದು ಬೇಸತ್ತು ಒಮ್ಮೆ ಕೆಲಸ ಬಿಡುವ ಮಾತೆತ್ತಿದೆ. ಅವರು ತಡೆಯಲಿಲ್ಲ.

“ಹೋಗೂದಾದ್ರೆ ಹೋಗು. ಆದ್ರೆ ನಮ್ಮ ಕೆಲಸ ಎಂತ ಗೊತ್ತಿದ್ಯಾ? ಬಂದವ್ರೆಲ್ಲ ಸಂಜಿಗೆ ಮನೆಗೆ ಹೋಗ್ಬೇಕು. ಮೀನು ಆಮೇಲೆ.”

ನಾನು ಉಳಿದೆ.

ಶ್ರಾವಣದ ಒಂದು ಸಂಜೆ ಕರೆಂಟು ಹೋಗಿ ಯಂತ್ರಗಳ ಸದ್ದೆಲ್ಲ ಅಡಗಿತು. ವಾಮನ ಸರ್ ಹೆಸರು ಕರೆದರು, ಎಲ್ಲರೂ ಓಗೊಟ್ಟೆವು. ಕೊನೆಗೆ ‘ಗಣಪು’ ಎಂದರು.

ಒಳಗಿನಿಂದ ‘ಓ’ ಎಂದು ಗಂಡಸಿನ ದನಿ ಬಂತು.

ಯಾರೋ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ಯಾರೂ ಬರಬೇಡಿ ಎಂದು ಹೇಳಿ ವಾಮನ ಸರ್ ಟಾರ್ಚ್ ಹಿಡಿದು ಒಬ್ಬರೇ ಒಳಹೋದರು. ಹೊರಬಂದಾಗ ಹೆಗಲ ಮೇಲೆ ಮಾದೇವಿ ಇದ್ದಳು. ಅಂದೇ ಕೆಲಸಕ್ಕೆ ಸೇರಿದ್ದವಳು. ಪೆಟ್ಟಿಗೆಗಳ ಹಿಂದೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅವಳ ಹೆಸರನ್ನು ಯಾರೂ ಕರೆದಿರಲಿಲ್ಲ. ಎಚ್ಚರವಾದ ಮೇಲೆ, ತನಗೆ ಯಾವ ಕರೆಯೂ ಕೇಳಲಿಲ್ಲ, ತಾನು ಓಗೊಡಲೂ ಇಲ್ಲ ಎಂದಳು.

ಅದು ಯಾರ ದನಿ ಎಂದು ವಾಮನ ಸರ್ ಅವರನ್ನೇ ಕೇಳಿದೆ.

“ನಂಗೂ ಗೊತ್ತಿಲ್ಲ. ಹೊಸಬಳ ಹೆಸರು ಕರೀದೆ ಬಿಟ್ಟವ ನಾನು. ಅದನ್ನ ಕೇಳು.”

ಮಾಲೀಕರೆದುರೂ ತಪ್ಪು ತನ್ನದೇ ಎಂದರು. ಒಳಗಿನಿಂದಲೂ ತೆರೆಯುವಂಥ ಬಾಗಿಲು ಬರುವ ತನಕ ಆ ಕೋಣೆಗೆ ಯಾರನ್ನೂ ಕಳಿಸಲಿಲ್ಲ.

ನಿವೃತ್ತರಾದ ಮೇಲೆ ಅವರಿಗೆ ಹುಷಾರಿಲ್ಲವೆಂದು ತಿಳಿದು ಹೊಳನಗದ್ದೆಯ ಮನೆಗೆ ಹೋದೆ. ಆ ಮನೆಯ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಕಿತ್ತ ಜಾಗದಲ್ಲಿ ತೂತುಗಳಷ್ಟೇ ಉಳಿದಿದ್ದವು. ಗಾಳಿ ಬೀಸಿದಾಗಲೆಲ್ಲ ಬಾಗಿಲುಗಳು ಬಡಿದುಕೊಳ್ಳುತ್ತಿದ್ದವು. ಭಟ್ಕಳದಿಂದ ಬಂದ ವರ್ಷವೇ ಎಲ್ಲ ತೆಗೆಸಿದರೆಂದು ಅವರ ಹೆಂಡತಿ ಮೆಲ್ಲನೆ ಹೇಳಿದರು. ಮಾದೇವಿ ಈಗ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ಎಂದು ನಾನು ತಿಳಿಸಿದಾಗ ಮಲಗಿದ್ದ ವಾಮನ ಸರ್, “ಆತು, ಒಳ್ಳೇದಾತು,” ಎಂದು ಕಣ್ಣು ಮುಚ್ಚಿದರು.

ನಿದ್ದೆ ಬಂದಿರಬೇಕೆಂದು ಎದ್ದು, ಹೊರಟಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ.

“ತೆರೆದೇ ಇರ್ಲಿ,” ಎಂದರು ಒಳಗಿನಿಂದ.

ಅದೇ ವಾರ ಅವರು ತೀರಿಕೊಂಡರು.