ಗೋಡೆ ದಪ್ಪಗಿರುವ ಮನೆ

ಹೊಸ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕೈ ತಾನಾಗಿ ಗೋಡೆಯನ್ನು ತಟ್ಟಿ ನೋಡುತ್ತದೆ. ಮೊನ್ನೆ ಚಾಮರಾಜಪುರಂನಲ್ಲಿ ಬಾಡಿಗೆ ಮನೆ ನೋಡಲು ಹೋದಾಗಲೂ ಹಾಗೇ ಆಯಿತು. ಕಲ್ಲಂಗಡಿ ಆರಿಸುವವಳಂತೆ ಗೋಡೆಗೆ ಕಿವಿಗೊಟ್ಟು ನಿಂತ ನನ್ನನ್ನು, ಐವತ್ತು ದಾಟಿದ ಹೆಂಗಸನ್ನು, ಮನೆಯೊಡತಿ ಬೆರಗಿನಿಂದ ನೋಡಿದರು. ನೀವಾಗಿದ್ದರೆ ನಕ್ಕೇಬಿಡುತ್ತಿದ್ದಿರಿ.

ಇದು ಅಮ್ಮನಿಂದ ಬಂದ ಅಭ್ಯಾಸ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುವ ಮೊದಲು ಅವಳು ಗೋಡೆ ತಟ್ಟುತ್ತಿದ್ದಳು. ಅಣ್ಣನ ಕೂಗು ಪಕ್ಕದ ಮನೆಗೆ ಕೇಳಬಾರದು, ಅಷ್ಟೆ.

ಅಣ್ಣ ಮಹದೇವ ಅಂಗಡಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಕೆಲಸಕ್ಕೆ ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ. ಸುತ್ತ ಅಷ್ಟು ಗಡಿಯಾರ ಇಟ್ಟುಕೊಂಡವನಿಗೆ ಹೊತ್ತೇ ಗೊತ್ತಾಗುವುದಿಲ್ಲವಲ್ಲ ಎಂದು ನಾನು ರೇಗಿಸುತ್ತಿದ್ದೆ. ಹರೆಯ ದಾಟುವಷ್ಟರಲ್ಲಿ, ಸುತ್ತ ಯಾರೂ ಇಲ್ಲದಿದ್ದರೂ ಅವನಿಗೆ ಯಾರೋ ಬೈಯುತ್ತಿರುವುದು ಕೇಳಿಸತೊಡಗಿತು. ಮೊದಮೊದಲು ಕಿವಿ ಮುಚ್ಚಿಕೊಂಡು ಸುಮ್ಮನಿರುತ್ತಿದ್ದ. ಆಮೇಲೆ ತಿರುಗಿ ಬೈಯತೊಡಗಿದ.

ಒಂದಾದ ಮೇಲೊಂದು ಮನೆ ಬಿಟ್ಟೆವು. ಮಗಳು ಬಾಣಂತನಕ್ಕೆ ಬರುತ್ತಾಳೆ, ತಾರಸಿ ಸೋರುತ್ತದೆ ಎಂದು ಮನೆಯ ಮಾಲೀಕರು ಏನೋ ಒಂದು ನೆಪ ಹೇಳುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡಿನವರು ಜಾತಕ ಕೂಡುವುದಿಲ್ಲ ಎಂದರು. ಕೊನೆಗೆ ಅಮ್ಮ ದೇವರಾಜ ಮೊಹಲ್ಲಾದಲ್ಲಿ, ಮಾರ್ಕೆಟ್ಟಿನ ಹತ್ತಿರದ ಅಂಗಡಿಯೊಂದರ ಮೇಲಿನ ಮನೆ ಹಿಡಿದಳು.

"ಇಲ್ಲಿ ಎಲ್ರೂ ಕೂಗ್ತಾರೆ ಕಣೇ. ಇವನೊಬ್ಬ ಲೆಕ್ಕಕ್ಕೆ ಬರಲ್ಲ ಬುಡು" ಎಂದಳು. ಅವಳ ದನಿಯಲ್ಲಿ ನೆಮ್ಮದಿ ಕೇಳಿ ಬಹಳ ಕಾಲವಾಗಿತ್ತು.

ಅಲ್ಲಿದ್ದಾಗಲೇ ಆಸ್ಪತ್ರೆಯ ಮಾತ್ರೆ ಶುರುವಾಯಿತು. ಬೈಗುಳ ನಿಂತಿತು, ಕೈ ನಡುಗತೊಡಗಿತು. ಅಕ್ಕಿಕಾಳಿಗಿಂತ ಸಣ್ಣ ತಿರುಪನ್ನು ಬೀಳಿಸಿ ನೆಲವೆಲ್ಲ ತಡಕುತ್ತಿದ್ದ. ಡಾಕ್ಟರು ಮಾತ್ರೆ ಬದಲಿಸಿದರು. ನಡುಕ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಗಡಿಯಾರದ ಅಂಗಡಿಯ ಯಜಮಾನರು ಅವನ ಜಾಗದಲ್ಲಿ ಬೇರೊಬ್ಬರನ್ನು ಕೂರಿಸಿದರು. ಅಣ್ಣ ಯಾರಿಗೂ ಹೇಳದೆ ಮಾತ್ರೆ ಬಿಟ್ಟ.

ಮಾರ್ಕೆಟ್ಟಿಗೆ ರಜೆಯಿದ್ದ ಒಂದು ಮಧ್ಯಾಹ್ನ ಬೀದಿಯೆಲ್ಲ ಸದ್ದಿಲ್ಲದೆ ಬಿದ್ದಿತ್ತು. ಅಣ್ಣ ಕಿಟಕಿಯ ಸರಳು ಹಿಡಿದು ಕೂಗುತ್ತಿದ್ದ. ಕೆಳಗೆ ಜನ ಸೇರಿದರು, ಕೆಲವರು ನಕ್ಕರು. ಅಮ್ಮ ಕಿಟಕಿ ಮುಚ್ಚಲಿಲ್ಲ. ಜನ ಕರಗುವವರೆಗೂ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಅವನು ದಣಿದು ಕೂತ ಮೇಲೆ, "ಮಾತ್ರೆ ತಗೊಳ್ಳೋ ಕಂದ" ಎಂದಳು.

"ತಗೊಂಡ್ರೆ ಕೈ ಹೋಯ್ತದೆ, ಬುಟ್ರೆ ತಲೆ ಹೋಯ್ತದೆ. ನೀನೇ ಹೇಳಮ್ಮ, ಯಾವ್ದು ಇಟ್ಕೊಳ್ಲಿ?"

ಅಮ್ಮ ಮಾತ್ರೆಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ನುಂಗಿದ. ಮತ್ತೆಂದೂ ಗಡಿಯಾರ ಮುಟ್ಟಲಿಲ್ಲ.

ಅಮ್ಮ ಹೋಗಿ ವರ್ಷಗಳಾದವು. ಈಗ ಅಣ್ಣ, ನಾನು ಇಬ್ಬರೇ. ಇರುವ ಮನೆಯನ್ನು ಮತ್ತೆ ಬಿಡಬೇಕಾಗಿದೆ.

"ಯಾರ್ಯಾರಿರ್ತೀರಿ?" ಎಂದು ಮೊನ್ನೆ ಮನೆಯೊಡತಿ ಕೇಳಿದರು. ಅಮ್ಮನಾಗಿದ್ದರೆ ಮಾತು ಮರೆಸುತ್ತಿದ್ದಳು. ನಾನು ಗೋಡೆಯಿಂದ ಕೈ ತೆಗೆದೆ.

"ನಾನು, ನಮ್ಮಣ್ಣ. ಅವನಿಗೆ ಮನಸ್ಸಿನ ಕಾಯಿಲೆ ಕಣ್ರೀ. ಮಾತ್ರೆ ತಗೋತಾನೆ. ಒಂದೊಂದ್ಸಲ ಕೂಗ್ತಾನೆ. ಯಾರ್ಗೂ ಏನೂ ಮಾಡಲ್ಲ."

ಆಕೆ, "ನಮ್ಮನೆಯವ್ರನ್ನ ಕೇಳಿ ಫೋನ್ ಮಾಡ್ತೀನಿ" ಎಂದರು.

ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ಕೂತಿದ್ದ. "ನನ್ ವಿಚಾರ ಏನಂತ ಹೇಳ್ದೆ?"

"ಇದ್ದಿದ್ದು ಇದ್ದಂಗೆ ಹೇಳ್ದೆ."

ಅವನು ನನ್ನ ಮುಖವನ್ನೇ ನೋಡಿದ. "ಅಂಗಾದ್ರೆ ಸಿಗಲ್ಲ ಬುಡು." ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ, "ಸಿಕ್ರೆ ಮಾತ್ರ, ಅಲ್ಲಿ ಬಚ್ಚಿಟ್ಕೊಂಡು ಇರ್ಬೇಕಾಗಿಲ್ಲ ಅಲ್ವಾ?" ಎಂದ.

ಫೋನು ಇನ್ನೂ ಬಂದಿಲ್ಲ. ನಾಳೆ ಗೋಕುಲಂನಲ್ಲಿ ಇನ್ನೊಂದು ಮನೆ ನೋಡುವುದಿದೆ. ಅಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ.