ಅಕ್ಕನ ಬೆನ್ನಿಗೆ ಬಿದ್ದವನು

ಶಾಂತಿಗ್ರಾಮದ ಮುದ್ದಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಅತ್ತುಕೊಂಡು ಬರೆದರೆ ಅವಳೇ ಎದ್ದು ಬಂದು ಬೈದಾಳು. ಆದ್ದರಿಂದ ನಗುವ ಸಂಗತಿಯನ್ನೇ ಹೇಳಬೇಕು.

ಮುದ್ದಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಸೋಬಾನೆ ಪದ ಮಾತ್ರ ಇನ್ನೂರಕ್ಕೂ ಮೇಲೆ ಬರುತ್ತಿದ್ದವು. ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ಯಾರ ಮನೆ ಮುಂದೆ ಮದುವೆ ಚಪ್ಪರ ಎದ್ದರೂ ಅವಳಿಗೆ ಕರೆ ಬರುತ್ತಿತ್ತು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಸ್ಸು ಹತ್ತುವಳು. ಅರಿಸಿನ ಹಚ್ಚುವುದಕ್ಕೆ ಎರಡು ಪದವಾದರೆ ಬೀಗರನ್ನು ಹಂಗಿಸುವುದಕ್ಕೆ ಇಪ್ಪತ್ತು.

ಎರಡು ಸಾವಿರದ ನಾಲ್ಕರಲ್ಲಿ, ಅರವತ್ತೇಳನೆಯ ವಯಸ್ಸಿಗೆ, ಒಂದು ಸಾಲು ಹಾಡುವಷ್ಟರಲ್ಲಿ ಎರಡು ಸಲ ಉಸಿರು ಕಟ್ಟತೊಡಗಿತು. ಹಾಸನದ ಡಾಕ್ಟರುಗಳು ಮೈಸೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರ್ ಕೇದಾರ್, “ಅಜ್ಜಿ, ಹೃದಯದ ಕವಾಟಕ್ಕೆ ಸುಣ್ಣ ಕಟ್ಟಿಬಿಟ್ಟಿದೆ, ತೆರೀತಾ ಇಲ್ಲ. ಬೇರೆ ಹಾಕಬೇಕು” ಎಂದರು.

“ಎಲೆ ಅಡಿಕೆ ಬುಡು ಅಂತ ಇವ್ರು ಬಡ್ಕೊಂಡ್ರು ಸಾ. ನಾನೇ ಕೇಳ್ನಿಲ್ಲ.”

ಪಕ್ಕದಲ್ಲಿ ಕೂತಿದ್ದ ಗಂಡ ತಮ್ಮಯ್ಯ ಮೊದಲ ಬಾರಿಗೆ ಗೆದ್ದವನಂತೆ ಎದೆ ಉಬ್ಬಿಸಿದ. “ಅದು ಬೇರೆ ಸುಣ್ಣ” ಎಂದು ಡಾಕ್ಟರು ಆ ಗೆಲುವನ್ನೂ ಕಿತ್ತುಕೊಂಡರು.

ಆಮೇಲೆ ಅವರು ಹೇಳಿದ್ದು ತಮಾಷೆಯದಲ್ಲ. ವಯಸ್ಸಾದವರಲ್ಲಿ ಹಳೆಯ ಕವಾಟ ತೆಗೆಯುವಾಗ ಸುಣ್ಣದ ಚೂರೋ ಗಾಳಿಗುಳ್ಳೆಯೋ ರಕ್ತದಲ್ಲಿ ಸೇರಿ ಮಿದುಳಿಗೆ ಹೋಗಬಹುದು. ಕೈಕಾಲು ಬೀಳಬಹುದು, ಮರೆವು ಬರಬಹುದು.

ಮುದ್ದಮ್ಮ ಹೇಳಿದಳು: “ಜೀವ ಓದ್ರೆ ಓಗ್ಲಿ ಸಾ. ಪದ ಓಗ್ಬಾರ್ದು. ಅವು ಇನ್ನೆಲ್ಲೂ ಇಲ್ಲ.”

ಕೇದಾರ್ ಕುರ್ಚಿ ಹತ್ತಿರ ಎಳೆದುಕೊಂಡರು. ಚೂರು ಉಳಿಯದಂತೆ ತೊಳೆಯುತ್ತೇವೆ, ಗಾಳಿಯನ್ನೆಲ್ಲ ಹೊರಗೆ ಬಿಟ್ಟಮೇಲೇ ನಿಲ್ಲಿಸಿದ ಹೃದಯವನ್ನು ಮತ್ತೆ ನಡೆಸುತ್ತೇವೆ, ಅಷ್ಟು ಹೊತ್ತು ಮೈಯನ್ನು ತಣ್ಣಗಿಟ್ಟರೆ ಮಿದುಳಿಗೆ ರಕ್ತ ಸ್ವಲ್ಪ ಕಮ್ಮಿಯಾದರೂ ತಡೆಯುತ್ತದೆ ಎಂದು ವಿವರಿಸಿದರು.

“ಡೇರೀಲಿ ಆಲು ಕೆಡ್ದಂಗೆ ತಣ್ಣಗಿಡ್ತಾರಲ್ಲ, ಅಂಗಾ?”

“ಹಾಗೇ.”

“ಅಂಗಾದ್ರೆ ಮಾಡಿ.”

ಆಪರೇಷನ್ ಆದ ಮೂರನೆಯ ದಿನ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕಿರಿಯ ಡಾಕ್ಟರ್ ಪ್ರದ್ಯುಮ್ನ ಅವಳ ತಲೆ ಸರಿಯಿದೆಯೇ ಎಂದು ಪರೀಕ್ಷಿಸಲು ಬಂದ. ಕೈ ಎತ್ತು ಎಂದರೆ ಎತ್ತಿದಳು. ಊರು ಹೇಳಿದಳು.

“ನಿಮ್ಮ ಯಜಮಾನರ ಹೆಸರು?”

ಮುದ್ದಮ್ಮ ಬಾಯಿ ಬಿಗಿದಳು. ಮದುವೆಯಾದ ಐವತ್ತು ವರ್ಷದಲ್ಲಿ ಆ ಹೆಸರನ್ನು ಅವಳು ಒಮ್ಮೆಯೂ ನಾಲಿಗೆಗೆ ತಂದವಳಲ್ಲ. ಅವನು ಮತ್ತೆ ಕೇಳಿದ. ಅವಳು ಗೋಡೆಯ ಕಡೆ ತಿರುಗಿದಳು. ಮೂರನೆಯ ಸಲ ಕೇಳಿದಾಗ, ಪಾಪ ಹುಡುಗ, ಸುಳಿವಾದರೂ ಕೊಡೋಣ ಎನ್ನಿಸಿತು.

“ಅಕ್ಕನ ಬೆನ್ನಿಗೆ ಬಿದ್ದೋನು ಕಣಪ್ಪ. ಕೊನೇಲಿ ಒಂದು ಅಯ್ಯ ಸೇರ್ಸ್ಕೊ.”

“ಯಾರ ಅಕ್ಕನ ಹಿಂದೆ ಬಿದ್ದರು?”

“ಯಾರಕ್ಕನಾದ್ರೇನು?”

ಪ್ರದ್ಯುಮ್ನ ‘ಮಾತು ಅಸಂಬದ್ಧ’ ಎಂದು ಬರೆದು, ತಲೆಯ ಸ್ಕ್ಯಾನಿಗೆ ಹೇಳಿ, ಹೊರಗೆ ಬಂದು ತಮ್ಮಯ್ಯನಿಗೆ ಮೆಲ್ಲಗೆ ಹೇಳಿದ: “ಯಾರೋ ಯಾವುದೋ ಹೆಂಗಸನ್ನ ಅಟ್ಟಿಸಿಕೊಂಡು ಹೋಗ್ತಿದ್ದಾರೆ ಅಂತಿದ್ದಾರೆ.”

ತಮ್ಮಯ್ಯ ಬೆಂಚಿನ ಮೇಲೆ ಕುಸಿದ. “ಪದ ಎಲ್ಲಾ ಓಯ್ತು.”

ಅವಳನ್ನು ಸ್ಕ್ಯಾನಿಗೆ ಒಯ್ಯಲು ಬಂದ ನರ್ಸ್ ಧನಲಕ್ಷ್ಮಿ ಅರಕಲಗೂಡಿನ ಕಡೆಯವಳು. ಏನಾಯಿತಜ್ಜಿ ಎಂದು ಕೇಳಿ ಉತ್ತರ ಪಡೆದವಳು ತಳ್ಳುಗಾಡಿ ಹಿಡಿದುಕೊಂಡೇ ನಗತೊಡಗಿದಳು, ಒಳಗೆ ಬಂದ ಪ್ರದ್ಯುಮ್ನನಿಗೆ ಹೇಳಿದಳು: “ಸಾರ್, ಅಕ್ಕ ಆದ್ಮೇಲೆ ಹುಟ್ಟೋನು ಯಾರು? ತಮ್ಮ. ಅದಕ್ಕೆ ಅಯ್ಯ ಸೇರಿಸಿ.”

ಪ್ರದ್ಯುಮ್ನ ತುಟಿಯಲ್ಲೇ ಸೇರಿಸಿ ನೋಡಿದ. “ತಮ್ಮಯ್ಯ.”

“ಸದ್ಯ,” ಎಂದಳು ಮುದ್ದಮ್ಮ, “ನಿನ್ ತಲೆ ನೆಟ್ಟಗೈತೆ.”

ಆದರೂ ಅವಳ ತಲೆಯಿಂದ ಒಂದು ಚೂರು ಹೋಗಿತ್ತು. ಆರು ತಿಂಗಳ ನಂತರ ಹೊಳೆನರಸೀಪುರದ ಮದುವೆಯೊಂದರಲ್ಲಿ ಬೀಗರ ಪದದ ನಡುವೆ ಒಂದು ನುಡಿ ಬರಲಿಲ್ಲ. ಹೆಂಗಸರು ಕಾದರು. ಚಪ್ಪರದ ಕಂಬದ ಬಳಿ ನಿಂತಿದ್ದ ತಮ್ಮಯ್ಯ ಒಂದು ಹೆಜ್ಜೆ ಮುಂದೆ ಬಂದ. ಮುದ್ದಮ್ಮ ಎದುರು ಕೂತ ಬೀಗಿತ್ತಿಯ ತಲೆಯನ್ನೊಮ್ಮೆ ನೋಡಿ, “ಬೀಗಿತ್ತಿ ಮುಡಿದ ಹೂವ ನಮ್ಮ ಕರು ಮೇದಾವೆ” ಎಂದು ಅಲ್ಲೇ ಹೊಸದಾಗಿ ಕಟ್ಟಿ ಎತ್ತಿಕೊಂಡಳು. ಚಪ್ಪರವೆಲ್ಲ ನಕ್ಕಿತು.

ಮನೆಗೆ ಬಂದವಳು ನಗಲಿಲ್ಲ. ಮಾರನೆಯ ದಿನದಿಂದಲೇ, ಡೇರಿ ಮುಗಿದ ಮೇಲೆ, ಸೊಸೆ ಶಾಂತಕುಮಾರಿಯನ್ನೂ ಬೀದಿಯ ಹೆಂಗಸರನ್ನೂ ಜಗಲಿಯಲ್ಲಿ ಕೂರಿಸಿ ಕಲಿಸತೊಡಗಿದಳು. ತಪ್ಪಿದವರಿಗೆ, “ನಿನ್ ಎದೆ ಯಾವ ಡಾಕ್ಟ್ರು ಕೊಯ್ದವ್ರೆ?” ಎನ್ನುವಳು. ಐದು ವರ್ಷ ಕಲಿಸಿದಳು. ಅರ್ಧಕ್ಕಿಂತ ಹೆಚ್ಚು ಉಳಿದವು, ಮಿಕ್ಕವು ಅವಳ ಜೊತೆಗೇ ಹೋದವು. ಕರು ಹೂ ಮೇದ ನುಡಿಯನ್ನಂತೂ ಊರವರು ಈಗ ಅಜ್ಜಿಯರ ಕಾಲದ್ದೆಂದೇ ಹಾಡುತ್ತಾರೆ.