ಸಾಕ್ಷಿಗೆ ಕಾವಲು

ತೆಲುಗು ನಾಡಿನ ಮಾದಾಪುರದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದ ಅನ್ನಮ್ಮನ ಜೊತೆಗೆ ಯಾವಾಗಲೂ ಇನ್ನೊಬ್ಬಳು ಇರುತ್ತಿದ್ದಳು. ಅವಳು ಉಮಾಶ್ರೀ, ಅನ್ನಮ್ಮನ ತಮ್ಮ ಕಾಶಿನಾಥನ ವಿಧವೆ. ಸಂತೆಗೆ ಹೋದರೂ, ನಲ್ಲಿಗೆ ಹೋದರೂ ಅನ್ನಮ್ಮ ಅವಳನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಯಾರಾದರೂ ಊರು ಕೇಳಿದರೆ ತೆಲುಗಿನಲ್ಲಿ ಏನೋ ಒಂದು ಹೇಳಿ ಸಾಗಹಾಕುತ್ತಿದ್ದಳು.

ಅವರ ಊರು ಕೃಷ್ಣೆಯ ದಂಡೆಯಲ್ಲಿತ್ತು. ಅನ್ನಮ್ಮ ಗಂಡ ಸತ್ತ ಮೇಲೆ ತವರಿನಲ್ಲೇ ಇದ್ದವಳು. ಗೌಡರ ಮನೆಯಲ್ಲಿ ಯಾರು ಸತ್ತರೂ ಅವರ ಕೇರಿಯ ಗಂಡಸರು ಹೋಗಿ ಬಿಟ್ಟಿಯಾಗಿ ಹಲಗೆ ಬಾರಿಸಬೇಕಿತ್ತು. ಕಾಶಿನಾಥ ಒಮ್ಮೆ ಒಲ್ಲೆ ಅಂದ. "ನಮ್ಮ ಮನ್ಯಾಗ ಸತ್ತಾಗ ನೀವು ಬರಂಗಿಲ್ಲ, ನಾವ್ಯಾಕ ಬರಬೇಕ್ರಿ?" ಎಂದು ಕೇಳಿದ. ಮಣ್ಣು ಮುಗಿಸಿದವರು ಸೀದಾ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು, ಕಾಶಿನಾಥನನ್ನು ಹೊಸ್ತಿಲಲ್ಲೇ ಬಡಿದು ಕೊಂದರು. ಒಳಗಿದ್ದ ಉಮಾಶ್ರೀ ಬಡಿದವರನ್ನೆಲ್ಲ ನೋಡಿದಳು. ಅನ್ನಮ್ಮ ಬಂದದ್ದು ಹಿತ್ತಲಿನಿಂದ. ತಟ್ಟಿ ಕಿತ್ತು ಉಮಾಶ್ರೀಯನ್ನು ಹೊರಗೆಳೆದಾಗ ಅನ್ನಮ್ಮ ಬೆಂಕಿ ಕಂಡಿದ್ದಳು, ಬಡಿದವರ ಮುಖ ಕಂಡಿರಲಿಲ್ಲ.

ಇಬ್ಬರೂ ಉಟ್ಟ ಸೀರೆಯಲ್ಲೇ ರೈಲು ಹತ್ತಿ, ಮಾದಾಪುರ ಇರುವ ನಗರದ ಕಾಚಿಗೂಡ ನಿಲ್ದಾಣಕ್ಕೆ ಬಂದಿಳಿದರು. ಕೇಸು ನಡೆಯಿತು, ನಿಂತಿತು, ಮತ್ತೆ ನಡೆಯಿತು. ಕೇರಿಯ ಉಳಿದವರು ಊರೊಳಗೆ ಬಾಳಬೇಕಲ್ಲ, ಒಬ್ಬೊಬ್ಬರಾಗಿ ಮಾತು ಬದಲಿಸಿದರು. ಕೊನೆಗೆ ಕಣ್ಣಾರೆ ಕಂಡ ಸಾಕ್ಷಿ ಅಂತ ಉಳಿದವಳು ಉಮಾಶ್ರೀ ಒಬ್ಬಳೇ.

ಅವರಿಗೆ ಕೆಲಸ ಕೊಟ್ಟಿದ್ದ ಮೇಸ್ತ್ರಿ ಸಿದ್ದರಾಮಪ್ಪ ಅದೇ ಸೀಮೆಯವನು. ಒಂದು ದಿನ ಅವರ ಶೆಡ್ಡಿಗೆ ಬಂದು ಮೆತ್ತಗೆ ಹೇಳಿದ: "ಅನ್ನಮ್ಮಾ, ಊರಿಂದ ಫೋನ್ ಬಂದಿತ್ತು. ಸುಟ್ಟ ಮನಿ ಕಟ್ಟಿಸಿ ಕೊಡ್ತಾರಂತ. ಆ ಹುಡುಗಿ ಏನೂ ನೋಡಿಲ್ಲ ಅಂದ್ರ ಸಾಕಂತ."

"ಕೂಲಿಗೆ ಬಂದಿದ್ದು ನಮ್ಮ ರಟ್ಟಿ, ಮೇಸ್ತ್ರಿ. ನಾಲಿಗಿ ಅಲ್ಲ," ಎಂದಳು ಅನ್ನಮ್ಮ.

ಮರುದಿನ ಅವರಿಗೆ ಅಲ್ಲಿ ಕೆಲಸವಿರಲಿಲ್ಲ. ಅನ್ನಮ್ಮ ಬುಟ್ಟಿ ಎತ್ತಿಕೊಂಡು ಬೇರೆ ಕಟ್ಟಡ ಹುಡುಕಿದಳು. ವಕೀಲರ ಬೆನ್ನುಬಿದ್ದು, ಸಾಕ್ಷಿಗೆ ಪೊಲೀಸ್ ಕಾವಲು ಬೇಕೆಂದು ಕೋರ್ಟಿನಿಂದ ಆದೇಶವನ್ನೂ ಮಾಡಿಸಿದಳು.

ಸಾಕ್ಷಿಯ ದಿನ ಇಬ್ಬರು ಪೇದೆಗಳು ಕೋರ್ಟಿರುವ ಊರಿನ ರೈಲ್ವೆ ನಿಲ್ದಾಣದಲ್ಲೇ ಕಾದಿದ್ದರು. ಬಿಸಿಲಿಗೆ ಬೆವರಿದ್ದ ಒಬ್ಬ ಪೇದೆಗೆ ಉಮಾಶ್ರೀ ತನ್ನ ಬಾಟಲಿ ಚಾಚಿದಳು. "ಬ್ಯಾಡವ್ವಾ, ನೀರಡಿಕಿ ಇಲ್ಲ," ಎಂದವನು ನಾಲ್ಕು ಹೆಜ್ಜೆ ಆಚೆ ಹೋಗಿ ನಲ್ಲಿಗೆ ಬಾಯಿ ಹಚ್ಚಿ ಕುಡಿದ. ಅನ್ನಮ್ಮ ನೋಡಿದಳು, ಬಾಟಲಿ ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಇವತ್ತೊಂದು ದಿನ ಇವನ ಬಂದೂಕು ಬೇಕಿತ್ತು.

ಕಟಕಟೆಯಲ್ಲಿ ಉಮಾಶ್ರೀ ತಲೆ ಎತ್ತಲಿಲ್ಲ. ವಕೀಲರು ಕೇಳಿದಾಗ, "ಹೊಗಿ ತುಂಬಿತ್ರಿ. ಯಾರ ಮಾರೀನೂ ಕಾಣಲಿಲ್ರಿ," ಎಂದಳು.

ಮತ್ತೆ ಮತ್ತೆ ಕೇಳಿದರು. ಅದೇ ಉತ್ತರ.

ಹೊರಗೆ ಗೌಡರ ಕಡೆಯವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. "ಸಾಕ್ಷಿ ಮುಗೀತಲ್ಲ, ಇನ್ನ ನಮ್ದೇನೈತಿ," ಎಂದು ಪೇದೆಗಳು ಹೊರಟರು. ಆ ಗುಂಪನ್ನು ಸೀಳಿಕೊಂಡು ಹೆಂಗಸರಿಬ್ಬರೇ ನಿಲ್ದಾಣದವರೆಗೆ ನಡೆದರು.

ರೈಲು ಹೊರಟ ಮೇಲೆ ಅನ್ನಮ್ಮ ಬಾಯಿ ಬಿಟ್ಟಳು. "ನಿನ್ನ ಕಣ್ಣಾಗ ಹೊಗಿ ತುಂಬಿತ್ತು? ಇಷ್ಟ್ ವರ್ಷ ನಿನ್ನ ಕಾದಿದ್ದು ಇದಕ್ಕ?"

"ನನ್ನ ನೀ ಕಾದಿ ಅಕ್ಕಾ," ಉಮಾಶ್ರೀ ಬಿಕ್ಕಿದಳು. "ನಮ್ಮವ್ವ ಅಪ್ಪ ಇನ್ನೂ ಅದೇ ಕೇರ್ಯಾಗ ಅದಾರ. ಹೋದ ವಾರ ಅವರ ಬಾಗಲಾಗ ಸೀಮೆಎಣ್ಣಿ ಕ್ಯಾನ್ ಇಟ್ಟು ಹೋಗ್ಯಾರ. ಕೋರ್ಟಿನವರು ಪೊಲೀಸರನ್ನ ನನಗಷ್ಟ ಕೊಟ್ರು. ಅವರನ್ನ ಯಾರು ಕಾಯ್ತಾರ?"

ಅನ್ನಮ್ಮನ ಸಿಟ್ಟು ಇಳಿಯಲಿಲ್ಲ. ಕಾಶಿನಾಥ ಅವಳ ಕೈಯಲ್ಲೇ ಬೆಳೆದವನು. ಕಾಚಿಗೂಡ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಳು.

ಎಲ್ಲರೂ ಖುಲಾಸೆಯಾದರು. ಶೆಡ್ಡಿನಲ್ಲಿ ಒಂದೇ ಒಲೆ ಉರಿಯುತ್ತಿತ್ತು, ಆದರೆ ಉಂಡೆಯಾ ಅಂತ ಒಬ್ಬರನ್ನೊಬ್ಬರು ಕೇಳುವುದು ನಿಂತಿತು.

ಉಮಾಶ್ರೀಯ ಸುಳ್ಳು ಅವಳ ಮುದಿ ತಂದೆತಾಯಿಯನ್ನು ಒಂದು ಬೇಸಿಗೆಯ ಮಟ್ಟಿಗೂ ಕಾಯಲಿಲ್ಲ. ಕೇಸು ಮುಗಿದ ಮೇಲೆ ಊರಿಗೆ ಅವರ ಹಂಗು ಇರಲಿಲ್ಲ. ಕಿರಾಣಿ ಅಂಗಡಿಯವನು ಉಪ್ಪು ಕೊಡಲಿಲ್ಲ, ಹೊಲಕ್ಕೆ ಯಾರೂ ಕರೆಯಲಿಲ್ಲ. ಒಂದು ಮುಂಜಾನೆ ಅವರ ಗುಡಿಸಲಿನ ಚಪ್ಪರ ಕಿತ್ತೆಸೆದರು. ಮುದುಕರಿಬ್ಬರೂ ಕಾಚಿಗೂಡದ ರೈಲು ಹತ್ತಿದರು.

ನಿಲ್ದಾಣಕ್ಕೆ ಉಮಾಶ್ರೀ ಒಬ್ಬಳೇ ಹೊರಟಿದ್ದಳು. ಅನ್ನಮ್ಮ ಚಪ್ಪಲಿ ಮೆಟ್ಟಿ ಹಿಂದೆಯೇ ನಡೆದಳು. ಮುದುಕಿ ಗಂಟು ಎದೆಗವಚಿಕೊಂಡು ಗಂಡನ ಹಿಂದೆ ರೈಲಿನಿಂದ ಇಳಿದಳು. ಅಕ್ಕಪಕ್ಕದ ಗದ್ದಲ ನೋಡಿ ಗಾಬರಿಯಾಗಿ ಕೇಳಿದಳು: "ಅನ್ನಮ್ಮಾ, ಇಲ್ಲಿಗಾದ್ರೂ ಅವರು ಬರಂಗಿಲ್ಲಲ್ಲಾ?"

ಅನ್ನಮ್ಮ ಗಂಟು ಇಸಿದುಕೊಂಡು ತಲೆಯ ಮೇಲಿಟ್ಟಳು. "ನಡೀರಿ," ಎಂದಳು, ಅಷ್ಟೇ.